ಭಾನುವಾರಕ್ಕೊಂದು ಗೋಡೆ: ಮಲಗುವ ರೂಮಿಗೆ ನೀವೇ ಬಣ್ಣ ಹೊಡೆಯಿರಿ

ಮೈಸೂರಿನ ನಮ್ಮ ಮನೆಯನ್ನು ಮಾವ ಕಟ್ಟಿಸಿದ್ದು 1986ರಲ್ಲಿ. ಮಲಗುವ ರೂಮು ಹತ್ತು ಅಡಿಗೆ ಹನ್ನೊಂದು. ಕೆಂಪು ಆಕ್ಸೈಡ್ ನೆಲ, ಮರದ ಕಿಟಕಿ, ಜಪ್ಪಯ್ಯ ಅಂದರೂ ಅಲುಗಾಡದ ಕಬ್ಬಿಣದ ಬೀರು. ಪೇಂಟರ್ ಐದೇ ದಿನ ಸಾಕು ಅಂದಿದ್ದ. ನಾವಿಬ್ಬರೂ ಸೇರಿ ಮಾಡಿದ್ದಕ್ಕೆ ಐದು ತಿಂಗಳು ಹಿಡಿಯಿತು. ದೀಪಾವಳಿ ಕಳೆದ ಮೇಲೆ ಶುರು ಮಾಡಿದ್ದು, ಯುಗಾದಿ ಹೊತ್ತಿಗೆ ಮುಗಿಯಿತು. ಮಳೆಗಾಲದಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ, ಏನೂ ಒಣಗುವುದಿಲ್ಲ.

ರೂಮನ್ನು ಒಂದೇ ಸಲ ಖಾಲಿ ಮಾಡುವ ಅಗತ್ಯವಿಲ್ಲ. ಸಾಮಾನೆಲ್ಲ ಅರ್ಧಕ್ಕೆ ಸರಿಸಿ, ಉಳಿದರ್ಧದಲ್ಲಿ ಕೆಲಸ ಮಾಡಿ. ಬೀರು ಖಾಲಿ ಮಾಡಿ, ಒಬ್ಬರು ತುಸು ವಾಲಿಸಿ ಹಿಡಿದುಕೊಳ್ಳಿ, ಇನ್ನೊಬ್ಬರು ಕಾಲಿನಡಿ ಮಡಿಸಿದ ಗೋಣಿಚೀಲ ತುರುಕಿ. ಆಮೇಲೆ ಎಳೆದರೆ ಆಕ್ಸೈಡ್ ನೆಲದ ಮೇಲೆ ಗೀರು ಬೀಳದೆ ಜಾರಿಕೊಂಡು ಬರುತ್ತದೆ.

ಮೊದಲು ತೇವ ನೋಡಿ

ನಾವು ಎಡವಿದ್ದು ಇಲ್ಲೇ. ಬಾತ್‌ರೂಮಿಗೆ ಅಂಟಿಕೊಂಡ ಗೋಡೆಯಲ್ಲಿ ಮಂಡಿಯೆತ್ತರಕ್ಕೆ ಬಣ್ಣ ಉದುರುತ್ತಿತ್ತು. "ಹಳೇದಲ್ವಾ, ಅದಕ್ಕೇ" ಅಂದರು ನಮ್ಮನೆಯವರು. ಕೆರೆದು, ಅದರ ಮೇಲೇ ಗೋಡೆ ನುಣುಪು ಮಾಡುವ ಪುಟ್ಟಿ ಹಚ್ಚಿದೆವು. ಎಷ್ಟು ನುಣ್ಣಗೆ ಬಂದಿತ್ತೆಂದರೆ ಹೋಗಿ ಬಂದಾಗೆಲ್ಲ ಮುಟ್ಟಿ ನೋಡುತ್ತಿದ್ದೆ. ಒಂದು ತಿಂಗಳಿಗೆ ಅದೇ ಜಾಗ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಉಬ್ಬಿತು. ಬೆರಳಿಟ್ಟರೆ ಪುಡಿ, ಒಳಗೆ ಬಿಳಿ ಉಪ್ಪು.

ಹೀಗಾಗಬಾರದೆಂದರೆ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ, ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ತೇವ ಗೋಡೆಯ ಒಳಗಿನಿಂದ ಬರುತ್ತಿದೆ ಎಂದರ್ಥ. ಹೊರಮೈಯಲ್ಲಿ ಕಂಡರೆ ಅದು ರೂಮಿನ ಗಾಳಿಯದು. ನಮ್ಮಲ್ಲಿ ಬಾತ್‌ರೂಮಿನ ಟೈಲ್ಸ್ ಸಂದಿಯ ಗ್ರೌಟ್ ಉದುರಿ ನೀರು ಇಳಿಯುತ್ತಿತ್ತು. ಹಳೆಯದನ್ನು ಕೆರೆದು ಹೊಸ ಗ್ರೌಟ್ ತುಂಬಿ, ಸುಮ್ನೆ ಮೂರು ವಾರ ಕೂತೆವು. ಹಾಳೆ ಒಣಗಿದ್ದು ಕಂಡ ಮೇಲೆಯೇ ಮತ್ತೆ ಬ್ಲೇಡು ಹಿಡಿದದ್ದು.

ಕೆರೆಯುವುದು, ಪುಟ್ಟಿ ಹಚ್ಚುವುದು

ಅಂಗೈಯಿಂದ ಗೋಡೆ ಉಜ್ಜಿ. ಕೈಗೆ ಬಿಳಿ ಪುಡಿ ಹತ್ತಿದರೆ ಅದು ಹಳೆಯ ಸುಣ್ಣ ಇಲ್ಲವೇ ಡಿಸ್ಟೆಂಪರ್. ಅದರ ಮೇಲೆ ಎಮಲ್ಷನ್, ಅಂದರೆ ಈಗ ಗೋಡೆಗೆ ಹೊಡೆಯುವ ನೀರು ಬೆರೆಸುವ ಬಣ್ಣ, ನಿಲ್ಲುವುದಿಲ್ಲ. ನೀರು ಚಿಮುಕಿಸಿ ನೆನೆಸಿ, ಬ್ಲೇಡಿನಿಂದ ಪೂರ್ತಿ ಕೆರೆಯಿರಿ.

ಕಿಟಕಿಯ ಹಳೆ ಆಯಿಲ್ ಪೇಂಟ್ ಬಗ್ಗೆ ಹುಷಾರು. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರುವಂತಿಲ್ಲ ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ನಮ್ಮ ಕಿಟಕಿಯಲ್ಲಿ ಕಂದು ಬಣ್ಣದಡಿ ತಿಳಿ ನೀಲಿ, ಅದರಡಿ ಹಸಿರು, ಎಲ್ಲವೂ ಅದಕ್ಕಿಂತ ಹಳೆಯವು. ಇಂಥದ್ದನ್ನು ಒಣಗಿದ್ದಾಗ ಉಜ್ಜಬೇಡಿ, ಸೀಸದ ವಿಷದ ಧೂಳು ಏಳುತ್ತದೆ. ಒದ್ದೆ ಮಾಡಿಕೊಂಡು ವಾಟರ್ ಪೇಪರ್‌ನಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಮಕ್ಕಳು, ಬಸುರಿಯರು ಆ ಕಡೆ ಸುಳಿಯಬಾರದು. ಕೆಳಗೆ ಬಿದ್ದದ್ದನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಪುಟ್ಟಿಯನ್ನು ಒಂದು ಕೆಜಿಗೆ 350ರಿಂದ 400 ಮಿಲಿ ನೀರಿನ ಲೆಕ್ಕದಲ್ಲಿ, ಗಂಟಿಲ್ಲದ ಹಾಗೆ ಕಲಸಿ. ದೋಸೆ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಸಡಿಲ ಇರಬೇಕು. ಗಟ್ಟಿಯಾಗುವ ಮುಂಚೆ ಮುಗಿಯುವಷ್ಟೇ ಕಲಸಿಕೊಳ್ಳಿ, ಜಾಸ್ತಿ ಬೇಡ. ಮೊದಲ ಕೋಟ್ ಕೆಳಗಿನಿಂದ ಮೇಲಕ್ಕೆ ತೆಳ್ಳಗೆ ಎಳೆಯಿರಿ, ಎರಡನೆಯದು ಮರುದಿನ. ನಾಲ್ಕು ಗೋಡೆಗೆ 20 ಕೆಜಿಯ ಒಂದು ಮೂಟೆ ಸಾಕು ಅಂದುಕೊಂಡಿದ್ದೆವು, ಎರಡು ಬೇಕಾಯಿತು. ಒಣಗಿದ ಮೇಲೆ ರಾತ್ರಿ ಮೊಬೈಲ್ ಟಾರ್ಚನ್ನು ಗೋಡೆಗೆ ಒರಗಿಸಿ ಓರೆಯಾಗಿ ಬೆಳಕು ಬಿಡಿ. ಹಗಲು ಕಾಣದ ಉಬ್ಬುತಗ್ಗೆಲ್ಲ ಕಾಣುತ್ತದೆ. ಪೆನ್ಸಿಲಲ್ಲಿ ಗುರುತು ಮಾಡಿ, ಬೆಳಿಗ್ಗೆ ಉಜ್ಜಿ.

ಬಣ್ಣ

ಪುಟ್ಟಿಯ ಧೂಳು ಒರೆಸಿ, ಬಣ್ಣ ಚೆನ್ನಾಗಿ ಹಿಡಿಯಲಿ ಅಂತ ಮೊದಲು ಬಳಿಯುವ ಪ್ರೈಮರ್ ಒಂದು ಕೋಟ್, ಆಮೇಲೆ ಎಮಲ್ಷನ್ ಎರಡು. ಮೊದಲು ಸೀಲಿಂಗ್, ಆಮೇಲೆ ಗೋಡೆ, ಕೊನೆಗೆ ಕಿಟಕಿ ಬಾಗಿಲು. ಮೂಲೆ, ಅಂಚುಗಳಿಗೆ ಎರಡಿಂಚಿನ ಬ್ರಷ್ ಆಡಿಸಿ, ಅದು ಒಣಗುವ ಮುಂಚೆ ರೋಲರ್ ಎಳೆಯಿರಿ. ಇಬ್ಬರಿದ್ದರೆ ಅನುಕೂಲ ಇಲ್ಲೇ. ಬ್ರಷ್ ನನ್ನದು, ರೋಲರ್ ಅವರದು. "ನಿಧಾನ ಕಣೇ" ಅಂತ ಅವರು, "ಬೇಗ ಬನ್ನಿ, ಒಣಗ್ತಿದೆ" ಅಂತ ನಾನು. ಎರಡು ಕೋಟ್ ನಡುವೆ ರೋಲರನ್ನು ತೊಳೆಯಬೇಕಿಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟರೆ ಸಾಕು.

ಸ್ವಿಚ್‌ಬೋರ್ಡಿನ ಪ್ಲೇಟ್ ಬಿಚ್ಚುವುದಾದರೆ ಮೇನ್ ಆಫ್ ಮಾಡಿ. ವೈರಿಂಗ್ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ನಾವೂ ಬಿಟ್ಟೆವು.

ನೆಲಕ್ಕೆ ಹಳೆ ಬೆಡ್‌ಶೀಟ್ ಹಾಸಿದ್ದರೂ ಅಲ್ಲಲ್ಲಿ ಬಣ್ಣ ತೊಟ್ಟಿಕ್ಕಿತ್ತು. ಒದ್ದೆ ಬಟ್ಟೆಯಲ್ಲಿ ನೆನೆಸಿ ಉಗುರಿನಿಂದ ಎಬ್ಬಿಸಿ, ಕೊಬ್ಬರಿ ಎಣ್ಣೆ ತಿಕ್ಕಿದ ಮೇಲೆ ಕೆಂಪು ಹಿಂದಕ್ಕೆ ಬಂತು. ಉಳಿದ ಬಣ್ಣ ಒಂದು ಬಾಟಲಿಯಲ್ಲಿದೆ. ಶೇಡ್ ನಂಬರನ್ನು ಬೀರು ಬಾಗಿಲ ಒಳಗಡೆ, ಗ್ಯಾಸ್ ಬುಕ್ ಮಾಡಿದ ತಾರೀಕುಗಳ ಪಕ್ಕ ಬರೆದಿಟ್ಟಿದ್ದೇವೆ.