ಮುಂಬೈ, ಪುಣೆ, ಗೋವಾದಲ್ಲಿ ಸರ್ಕಾರಿ ಗುಮಾಸ್ತ ಹುದ್ದೆ: ಅರ್ಜಿಗಿಂತ ಮೊದಲು ಕಾಗದಪತ್ರ

ಲಿಖಿತ ಪರೀಕ್ಷೆಯೂ ಆಯಿತು, ಟೈಪಿಂಗೂ ಆಯಿತು, ಕೊನೆಗೆ ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಒಂದೇ ಒಂದು ಕಾಗದ ಸಿಗದೆ ಕೆಲಸ ಕೈತಪ್ಪಿತು. ಹೊರನಾಡಿನ ಕನ್ನಡ ಮನೆಗಳಲ್ಲಿ ಈ ಮಾತು ಹೊಸದಲ್ಲ. ಹುಟ್ಟಿದ್ದು ಒಂದು ರಾಜ್ಯ, ಓದಿದ್ದು ಇನ್ನೊಂದು, ಅಪ್ಪನ ಜಾತಿ ಪತ್ರ ಊರಿನ ತಹಶೀಲ್ದಾರರದ್ದು, ರೇಷನ್ ಕಾರ್ಡು ಡೊಂಬಿವಲಿಯದ್ದು. ಆದ್ದರಿಂದ ಜಾಹೀರಾತು ಬಂದ ಮೇಲೆ ಓಡಾಡುವುದಲ್ಲ, ಅದಕ್ಕೆ ಆರು ತಿಂಗಳ ಮೊದಲೇ ಕಡತ ಕಟ್ಟಿಕೊಳ್ಳಬೇಕು.

ಮೊದಲು ಯಾವ ಬಾಗಿಲು ನಿಮ್ಮದು ಎಂದು ತೀರ್ಮಾನಿಸಿ. ಕೇಂದ್ರ ಸರ್ಕಾರದ್ದು ಒಂದು, ರಾಜ್ಯದ್ದು ಇನ್ನೊಂದು. ಎರಡಕ್ಕೂ ಅರ್ಜಿ ಹಾಕಬಹುದು, ಆದರೆ ಬೇಕಾಗುವ ಕಾಗದ ಬೇರೆ, ಭಾಷೆ ಬೇರೆ.

ಕೇಂದ್ರದ ಬಾಗಿಲು

ಪಿಯುಸಿ ಅಥವಾ ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಸ್ಟಾಫ್ ಸೆಲೆಕ್ಷನ್ ಕಮಿಷನ್‌ನ ಸಿಎಚ್‌ಎಸ್‌ಎಲ್ ಪರೀಕ್ಷೆ. ಎಲ್‌ಡಿಸಿ (ಕೆಳದರ್ಜೆ ಗುಮಾಸ್ತ), ಜೂನಿಯರ್ ಸೆಕ್ರೆಟೇರಿಯಟ್ ಅಸಿಸ್ಟೆಂಟ್ ಹುದ್ದೆಗಳು ಇದರಲ್ಲೇ ಬರುತ್ತವೆ. ವಯಸ್ಸು 18ರಿಂದ 27. ಒಬಿಸಿಗೆ 3 ವರ್ಷ, ಎಸ್‌ಸಿ, ಎಸ್‌ಟಿಗೆ 5 ವರ್ಷ ಸಡಿಲಿಕೆ. ಸಂಬಳ ಎರಡನೆಯ ಶ್ರೇಣಿಯದು, ಮೂಲ ವೇತನ ₹19,900ರಿಂದ ಶುರು. ಅರ್ಜಿ ಶುಲ್ಕ ₹100; ಮಹಿಳೆಯರಿಗೆ, ಎಸ್‌ಸಿ, ಎಸ್‌ಟಿ, ಅಂಗವಿಕಲರಿಗೆ, ಮಾಜಿ ಸೈನಿಕರಿಗೆ ಅದೂ ಇಲ್ಲ.

ಮೊದಲ ಹಂತ 60 ನಿಮಿಷ, 100 ಪ್ರಶ್ನೆ, 200 ಅಂಕ. ಇಂಗ್ಲಿಷ್, ತಾರ್ಕಿಕ ಸಾಮರ್ಥ್ಯ, ಗಣಿತ, ಸಾಮಾನ್ಯ ಜ್ಞಾನ, ಒಂದೊಂದರಲ್ಲಿ 25 ಪ್ರಶ್ನೆ. ತಪ್ಪಿಗೆ ಅರ್ಧ ಅಂಕ ಹೋಗುತ್ತದೆ. 2023ರಿಂದ ಪ್ರಶ್ನೆಪತ್ರಿಕೆಯ ಭಾಷೆಗಳಲ್ಲಿ ಕನ್ನಡ, ಮರಾಠಿ, ಕೊಂಕಣಿಯೂ ಸೇರಿವೆ. ಅರ್ಜಿ ತುಂಬುವಾಗಲೇ ಭಾಷೆ ಆರಿಸಬೇಕು, ಆಮೇಲೆ ಕೇಳಿದರೆ ಸಿಗದು. ಒಂದು ಎಚ್ಚರಿಕೆ: ಮುಂಬೈಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಅಭಿಮಾನಕ್ಕೆಂದು ಕನ್ನಡ ಆರಿಸಿಕೊಂಡರೆ ಲಘುತಮ ಸಾಮಾನ್ಯ ಅಪವರ್ತ್ಯ, ಚಕ್ರಬಡ್ಡಿ ಎಂಬ ಪದಗಳ ಮುಂದೆಯೇ ಹೊತ್ತು ಕಳೆಯುತ್ತದೆ. ಗಣಿತ ಯಾವ ಭಾಷೆಯಲ್ಲಿ ಕಲಿತಿರೋ ಆ ಭಾಷೆಯನ್ನೇ ಹಿಡಿಯಿರಿ.

ಮಹಾರಾಷ್ಟ್ರ, ಗೋವಾ ಎರಡೂ ಕಮಿಷನ್‌ನ ಪಶ್ಚಿಮ ವಲಯಕ್ಕೆ ಸೇರುತ್ತವೆ, ಅದರ ಕಚೇರಿ ಮುಂಬೈಯಲ್ಲಿದೆ. ಪರೀಕ್ಷಾ ಕೇಂದ್ರಕ್ಕೆ ಮೂರು ಆಯ್ಕೆ ಕೊಡಬೇಕು, ಮೂರೂ ಒಂದೇ ವಲಯದವೇ ಆಗಿರಬೇಕು. ಮೊದಲು ಪುಣೆ, ಆಮೇಲೆ ಬೆಳಗಾವಿ ಎಂದು ಬೆರೆಸಲು ಬಾರದು, ಬೆಳಗಾವಿ ಬೆಂಗಳೂರಿನ ವಲಯದ್ದು. ಫೋಟೋ ಅಪ್‌ಲೋಡ್ ಮಾಡುವ ಕಾಲ ಮುಗಿಯಿತು. ಈಗ ಮೊಬೈಲಿನಲ್ಲೋ ವೆಬ್‌ಕ್ಯಾಮಿನಲ್ಲೋ ಆಗಲೇ ತೆಗೆಯಬೇಕು. ಟೋಪಿ, ಕನ್ನಡಕ ಬೇಡ. ಬೆನ್ನ ಹಿಂದೆ ಬಿಳಿ ಗೋಡೆ, ಮುಖಕ್ಕೆ ಎದುರಿನಿಂದ ಬೆಳಕು ಇರಲಿ. ಚಾಳಿನ ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಅರ್ಧ ಮುಖ ನೆರಳಾಗಿ ಅರ್ಜಿಯೇ ತಿರಸ್ಕೃತವಾಗುವ ಭಯವಿದೆ. ಸಹಿಯ ಫೈಲು 10ರಿಂದ 20 ಕೆಬಿ ಇರಬೇಕು. ಅರ್ಜಿ ಕಳಿಸಿದ ಮೇಲೆ ತಿದ್ದುವ ಅವಕಾಶ ಕೆಲವೇ ದಿನ; ಮೊದಲ ಸಲ ₹200, ಎರಡನೆಯ ಸಲ ₹500.

ರೈಲ್ವೆಯ ಎನ್‌ಟಿಪಿಸಿ (ತಾಂತ್ರಿಕೇತರ ಹುದ್ದೆಗಳ) ಪರೀಕ್ಷೆಯಲ್ಲೂ ಕ್ಲರ್ಕ್ ಕಂ ಟೈಪಿಸ್ಟ್ ಹುದ್ದೆಗಳಿವೆ, ಅಲ್ಲೂ ಕನ್ನಡದಲ್ಲಿ ಬರೆಯಬಹುದು. ಶುಲ್ಕ ₹500, ಮೊದಲ ಪರೀಕ್ಷೆಗೆ ಹಾಜರಾದರೆ ₹400 ವಾಪಸ್. ಬ್ಯಾಂಕ್ ಖಾತೆಯ ಸಂಖ್ಯೆ ತಪ್ಪಿದರೆ ಆ ಹಣ ಬಾರದು.

ರಾಜ್ಯದ ಬಾಗಿಲು

ಮಹಾರಾಷ್ಟ್ರದಲ್ಲಿ ಗುಮಾಸ್ತನಿಗೆ ‘ಲಿಪಿಕ ಟಂಕಲೇಖಕ’ ಎನ್ನುತ್ತಾರೆ. ರಾಜ್ಯದ ಲೋಕಸೇವಾ ಆಯೋಗ, ಅಂದರೆ ಎಂಪಿಎಸ್‌ಸಿ, ನಡೆಸುವ ಗಟ್ ಕ (ಗ್ರೂಪ್ ಸಿ) ಸಂಯುಕ್ತ ಪರೀಕ್ಷೆಯಿಂದ ನೇಮಕ. 2023ರ ಜಾಹೀರಾತಿನಲ್ಲಿ ಈ ಹುದ್ದೆಗಳೇ ಏಳು ಸಾವಿರ ದಾಟಿದ್ದವು. ಪದವಿ ಬೇಕು, ಜೊತೆಗೆ ಮರಾಠಿ ನಿಮಿಷಕ್ಕೆ 30 ಪದ ಅಥವಾ ಇಂಗ್ಲಿಷ್ 40 ಪದದ ಸರ್ಕಾರಿ ಟೈಪಿಂಗ್ ಪ್ರಮಾಣಪತ್ರ. ಆ ಪ್ರಮಾಣಪತ್ರದ ಪರೀಕ್ಷೆಯನ್ನು ಪುಣೆಯ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುತ್ತದೆ. ಮೊಹಲ್ಲಾದ ಕಂಪ್ಯೂಟರ್ ಕ್ಲಾಸಿನವರು ಕೊಡುವ ಬಣ್ಣದ ಸರ್ಟಿಫಿಕೇಟಿಗೆ ಇಲ್ಲಿ ಬೆಲೆಯಿಲ್ಲ, ಫೀಸು ಕಟ್ಟುವ ಮೊದಲೇ ಇದನ್ನು ಕೇಳಿಕೊಳ್ಳಿ. ಪೂರ್ವ ಪರೀಕ್ಷೆ ಒಂದು ಗಂಟೆ, 100 ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ.

ಮುಂಬೈ ಮಹಾನಗರಪಾಲಿಕೆಯ ನೇಮಕ ಬೇರೆ. ಅಲ್ಲಿ ಗುಮಾಸ್ತನ ಹುದ್ದೆಗೆ ಈಗ ‘ಕಾರ್ಯಕಾರಿ ಸಹಾಯಕ’ ಎಂಬ ಹೆಸರು. ‘ಕ್ಲರ್ಕ್’ ಎಂದು ಹುಡುಕುತ್ತ ಕೂತರೆ ಜಾಹೀರಾತು ಕಣ್ತಪ್ಪುತ್ತದೆ. 2024ರಲ್ಲಿ 1,846 ಹುದ್ದೆ ಕರೆದಾಗ ಮರಾಠಿ, ಇಂಗ್ಲಿಷ್ ಎರಡರಲ್ಲೂ 30 ಪದದ ಟೈಪಿಂಗ್ ಕೇಳಿದ್ದರು.

ಈಗ ಗಂಟಿರುವ ಜಾಗಕ್ಕೆ ಬರೋಣ. ಮಹಾರಾಷ್ಟ್ರದ ಡೊಮಿಸೈಲಿಗೆ (ರಾಜ್ಯದ ನಿವಾಸಿ ಎಂಬ ಪತ್ರಕ್ಕೆ) ಹದಿನೈದು ವರ್ಷದ ವಾಸದ ಸಾಕ್ಷಿ ಬೇಕು: ಶಾಲೆ ಬಿಟ್ಟ ದಾಖಲೆ, ರೇಷನ್ ಕಾರ್ಡು, ಹಳೆಯ ಲೈಟ್ ಬಿಲ್ಲುಗಳು. ನಡುವೆ ಎರಡು ವರ್ಷ ಊರಲ್ಲಿ ಅಜ್ಜಿಯ ಮನೆಯಿಂದ ಶಾಲೆಗೆ ಹೋಗಿದ್ದರೆ ಸರಪಳಿ ತುಂಡಾಗುತ್ತದೆ, ಅದಕ್ಕೆ ತಂದೆಯ ವಾಸದ ದಾಖಲೆಗಳನ್ನೂ ಜೊತೆಗಿಡಿ. ರಾಜ್ಯ ಸರ್ಕಾರದ ಆಪ್ಲೆ ಸರ್ಕಾರ್ ತಾಣದಲ್ಲಿ ಅಥವಾ ಸೇತು ಎಂಬ ಸೇವಾ ಕೇಂದ್ರದಲ್ಲಿ ಅರ್ಜಿ.

ಜಾತಿ ಮೀಸಲಾತಿಯಲ್ಲಿ ಇನ್ನೂ ಬಿಗಿ. ಕರ್ನಾಟಕದ ತಹಶೀಲ್ದಾರರು ಕೊಟ್ಟ ಪತ್ರ ಮಹಾರಾಷ್ಟ್ರ ರಾಜ್ಯದ ನೌಕರಿಗೆ ನಡೆಯುವುದಿಲ್ಲ. ಕುಟುಂಬ ಇಲ್ಲಿ ನೆಲೆಸಿದ್ದನ್ನು ನಿಗದಿತ ದಿನಕ್ಕಿಂತ ಮೊದಲಿನಿಂದ ತೋರಿಸಬೇಕು: ಎಸ್‌ಸಿಗೆ 10 ಆಗಸ್ಟ್ 1950, ಎಸ್‌ಟಿಗೆ 6 ಸೆಪ್ಟೆಂಬರ್ 1950, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 21 ನವೆಂಬರ್ 1961, ಒಬಿಸಿಗೆ 13 ಅಕ್ಟೋಬರ್ 1967. ಅಪ್ಪ 1975ರಲ್ಲಿ ಹೋಟೆಲ್ ಕೆಲಸಕ್ಕೆ ಬಂದವರಾದರೆ ರಾಜ್ಯದ ಹುದ್ದೆಗೆ ಸಾಮಾನ್ಯ ವರ್ಗದಲ್ಲೇ ಅರ್ಜಿ ಹಾಕುವುದು ಜಾಣತನ. ತಪ್ಪು ವರ್ಗದಲ್ಲಿ ಹಾಕಿ ಆಯ್ಕೆಯಾದರೆ ಜಾತಿ ಪತ್ರ ಪರಿಶೀಲಿಸುವ ಪಡತಾಳಣಿ ಸಮಿತಿಯ ಮುಂದೆ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಅದೇ ಮನೆಯ ಎಸ್‌ಸಿ ಅಭ್ಯರ್ಥಿಗೆ ಕೇಂದ್ರದ ಹುದ್ದೆಗಳಲ್ಲಿ ಮೂಲ ರಾಜ್ಯದ ಪತ್ರದ ಮೇಲೆ ಮೀಸಲಾತಿ ಸಿಗುತ್ತದೆ, ಕೇಂದ್ರದ ನಮೂನೆಯಲ್ಲಿ ಪತ್ರ ಇದ್ದರಾಯಿತು. ಬಹಳ ಮಂದಿಗೆ ಕೇಂದ್ರದ ಬಾಗಿಲೇ ಅಗಲವಾಗಿರುವುದು ಈ ಕಾರಣಕ್ಕೆ.

ಗೋವಾದಲ್ಲಿ ಗುಮಾಸ್ತರ ನೇಮಕವನ್ನು ಗೋವಾ ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುತ್ತದೆ. ಹದಿನೈದು ವರ್ಷದ ವಾಸದ ಪತ್ರ, ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಕಾರ್ಡು, ಕೊಂಕಣಿ, ಇವು ಮೂರೂ ಕಡ್ಡಾಯ. ಮರಾಠಿ ಬಂದರೆ ಒಳ್ಳೆಯದು, ಕೊಂಕಣಿಗೆ ಅದು ಬದಲಿಯಲ್ಲ. ವಾಸ್ಕೋ, ಝುವಾರಿನಗರದ ಕನ್ನಡ ಮನೆಗಳಲ್ಲಿ ಬೆಳೆದ ಹುಡುಗರಿಗೆ ಬೀದಿಯ ಕೊಂಕಣಿ ಚೆನ್ನಾಗಿಯೇ ಬರುತ್ತದೆ. ದೇವನಾಗರಿಯಲ್ಲಿ ಓದಿ ಬರೆಯುವುದಕ್ಕೆ ತಡವರಿಸುತ್ತಾರೆ. ದಿನಾ ಅರ್ಧ ಪುಟ ಕೈಯಲ್ಲಿ ಬರೆಯಿರಿ.

ಹೆಸರಿನ ತಕರಾರು

ಕರ್ನಾಟಕದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಬಿ.’ ಅಂತ ಇರುತ್ತದೆ. ಆಧಾರಿನಲ್ಲಿ ‘ಮಂಜುನಾಥ ಬಸಪ್ಪ ತಳವಾರ’. ಇಲ್ಲಿನ ಅರ್ಜಿ ಅಡ್ಡಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಆಮೇಲೆ ತಂದೆಯ ಹೆಸರು ಕೇಳುತ್ತದೆ. ಮೂರೂ ಒಬ್ಬನೇ ಎಂದು ಗುಮಾಸ್ತ ನಂಬಬೇಕೆಂದಿಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿಯ ಹೆಸರೇ ಮೂಲ. ಆಧಾರನ್ನು ಅದಕ್ಕೆ ಹೊಂದಿಸಿ, ಅದನ್ನು ಆಧಾರಿಗೆ ಹೊಂದಿಸಲು ಹೋಗಬೇಡಿ. ಪೂರ್ಣ ಹೆಸರೇ ಬೇಕೆಂದರೆ ಮಹಾರಾಷ್ಟ್ರ ರಾಜಪತ್ರದಲ್ಲಿ ಹೆಸರು ಬದಲಾವಣೆ ಮಾಡಿಸಿ ಆ ಪುಟವನ್ನು ಕಡತಕ್ಕೆ ಸೇರಿಸಿ. ಮದುವೆಯಾದ ಹೆಣ್ಣುಮಕ್ಕಳು ಅಂಕಪಟ್ಟಿಯ ಹೆಸರಿನಲ್ಲೇ ಅರ್ಜಿ ಹಾಕಿ, ವಿವಾಹ ನೋಂದಣಿ ಪತ್ರ ಜೊತೆಗಿಟ್ಟುಕೊಳ್ಳಲಿ.

ಎಲ್ಲ ಪ್ರಮಾಣಪತ್ರದ ದಿನಾಂಕವನ್ನೂ ಅರ್ಜಿಯ ಕೊನೆಯ ದಿನದ ಜೊತೆ ಒಮ್ಮೆ ತಾಳೆ ನೋಡಿ. ಕೊನೆಯ ದಿನದ ನಂತರ ಸಿಕ್ಕ ಪದವಿ, ಟೈಪಿಂಗ್ ಪ್ರಮಾಣಪತ್ರ ಎಷ್ಟೇ ಒಳ್ಳೆಯದಿದ್ದರೂ ಲೆಕ್ಕಕ್ಕಿಲ್ಲ.

ಟೈಪಿಂಗ್

ಸಿಎಚ್‌ಎಸ್‌ಎಲ್‌ನಲ್ಲಿ ಇಂಗ್ಲಿಷ್ ನಿಮಿಷಕ್ಕೆ 35 ಪದ, 10 ನಿಮಿಷ. ಒಂದು ಪದಕ್ಕೆ ಐದು ಕೀಲಿ ಎಂದು ಹಿಡಿದರೆ 1,750 ಕೀಲಿ. ಮನೆಯಲ್ಲಿ 2,000 ಬರುವವರೆಗೂ ಅಭ್ಯಾಸ ಮಾಡಿ. ಪರೀಕ್ಷೆಯ ದಿನ ಕೈ ನಡುಗಿ ನಿಮಿಷಕ್ಕೆ ಒಂದೈದು ಪದ ಕಳೆದರೂ ದಡ ಸೇರುತ್ತೀರಿ. ಲ್ಯಾಪ್‌ಟಾಪಿನಲ್ಲಿ ಕಲಿತವರು ಕೊನೆಯ ತಿಂಗಳಾದರೂ ಡೆಸ್ಕ್‌ಟಾಪಿನ ಕೀಬೋರ್ಡ್ ಹಿಡಿಯಲಿ. ಆ ಕೀಲಿಗಳು ಆಳಕ್ಕೆ ಹೋಗುತ್ತವೆ, ಮೆಲ್ಲಗೆ ಒತ್ತಿದರೆ ಅಕ್ಷರವೇ ಬೀಳುವುದಿಲ್ಲ.

ಮರಾಠಿ ಟೈಪಿಂಗಿಗೆ ಕನ್ನಡಿಗರಿಗೊಂದು ಅನುಕೂಲವಿದೆ. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸದಲ್ಲಿ ಭಾರತದ ಲಿಪಿಗಳ ಅಕ್ಷರಗಳಿಗೆ ಬಹುತೇಕ ಒಂದೇ ಜಾಗ. ಕನ್ನಡದ ‘ಕ’ ಇರುವ ಕೀಲಿಯಲ್ಲೇ ದೇವನಾಗರಿಯ ‘ಕ’ ಇದೆ. ಕನ್ನಡ ಇನ್‌ಸ್ಕ್ರಿಪ್ಟ್ ಗೊತ್ತಿದ್ದವರಿಗೆ ಬೆರಳು ಆಗಲೇ ಪಳಗಿರುತ್ತದೆ. ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ಕಲಿತವರಿಗೆ ಆ ಲಾಭವಿಲ್ಲ. ಜಾಹೀರಾತಿನಲ್ಲಿ ಯಾವ ವಿನ್ಯಾಸ ಎಂದಿದೆ ನೋಡಿಯೇ ಶುರು ಮಾಡಿ. ಹಳೆಯ ಟೈಪ್‌ರೈಟರಿನ ರೆಮಿಂಗ್ಟನ್ ವಿನ್ಯಾಸಕ್ಕೂ ಇನ್‌ಸ್ಕ್ರಿಪ್ಟಿಗೂ ನಂಟಿಲ್ಲ.

ಬರವಣಿಗೆಯ ಮರಾಠಿಯಲ್ಲಿ ನಮ್ಮವರು ಎಡವುವುದು ಎರಡು ಕಡೆ. ಪದದ ಕೊನೆಯ ಇಕಾರ, ಉಕಾರ ಅಲ್ಲಿ ದೀರ್ಘ: ನಮ್ಮ ‘ಕವಿ’ ಅವರಿಗೆ ‘ಕವೀ’, ನಮ್ಮ ‘ಗುರು’ ಅವರಿಗೆ ‘ಗುರೂ’. ಇನ್ನೊಂದು ಲಿಂಗ. ನಮಗೆ ಅರ್ಜಿ, ಫೈಲು, ಪತ್ರ ಎಲ್ಲವೂ ‘ಅದು’. ಮರಾಠಿಯಲ್ಲಿ ತೋ ಅರ್ಜ್, ತೀ ಫೈಲ್, ತೇ ಪತ್ರ. ಕಚೇರಿಯ ಐವತ್ತು ಪದಗಳನ್ನು ಲಿಂಗದ ಸಮೇತ ಬಾಯಿಪಾಠ ಮಾಡಿದರೆ ಬಹುಪಾಲು ಬಚಾವು.

ಸಂದರ್ಶನ ಎಲ್ಲಿದೆ, ಎಲ್ಲಿಲ್ಲ

ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೆ 1 ಜನವರಿ 2016ರಿಂದ ಸಂದರ್ಶನವಿಲ್ಲ. ಎಂಪಿಎಸ್‌ಸಿಯ ಲಿಪಿಕ ಹುದ್ದೆಗೂ ಇಲ್ಲ. ಆ ಹುದ್ದೆಗೆ ‘ಇಂಟರ್ವ್ಯೂನಲ್ಲಿ ಹೇಳಿಸುತ್ತೇನೆ’ ಎಂದು ಹಣ ಕೇಳುವವನು ಇಲ್ಲದ ಸಂತೆಯಲ್ಲಿ ವ್ಯಾಪಾರ ಮಾಡುತ್ತಿದ್ದಾನೆ.

ಬಾಂಬೆ ಹೈಕೋರ್ಟಿನ ಕ್ಲರ್ಕ್ ಹುದ್ದೆಯಲ್ಲಿ ಮಾತ್ರ ಸಂದರ್ಶನಕ್ಕೆ ತೂಕವಿದೆ. ಈಚಿನ ಜಾಹೀರಾತುಗಳ ಪ್ರಕಾರ ಲಿಖಿತ 90 ಅಂಕ, ಇಂಗ್ಲಿಷ್ ಟೈಪಿಂಗ್ 20, ಸಂದರ್ಶನ 40. ಒಟ್ಟು 150ರಲ್ಲಿ 40 ಎಂದರೆ ಲಿಖಿತದಲ್ಲಿ ಹಿಂದಿದ್ದವನೂ ಮೇಲೇಳಬಹುದು, ಮುಂದಿದ್ದವನೂ ಜಾರಬಹುದು.

ಅಲ್ಲಿ ಗಹನವಾದ ಕಾನೂನು ಬೇಕಿಲ್ಲ. ಹೈಕೋರ್ಟಿನ ಪೀಠಗಳು ಎಲ್ಲೆಲ್ಲಿವೆ (ಮುಂಬೈ, ನಾಗಪುರ, ಛತ್ರಪತಿ ಸಂಭಾಜಿನಗರ, ಗೋವಾ, 2025ರ ಆಗಸ್ಟಿನಿಂದ ಕೊಲ್ಹಾಪುರದಲ್ಲಿ ಸರ್ಕಿಟ್ ಬೆಂಚ್), 1862ರಲ್ಲಿ ಸ್ಥಾಪನೆಯಾದದ್ದು, ಸಿವಿಲ್ ಮತ್ತು ಕ್ರಿಮಿನಲ್ ಪ್ರಕರಣದ ವ್ಯತ್ಯಾಸ, ಆವಕ ಜಾವಕ (ಬಂದ, ಹೋದ ಪತ್ರಗಳ) ರಿಜಿಸ್ಟರಿನಲ್ಲಿ ಏನು ಬರೆಯುತ್ತಾರೆ ಎಂಬಷ್ಟು ತಿಳಿದಿರಲಿ. ಪದವಿಯಲ್ಲಿ ಓದಿದ ವಿಷಯದಿಂದ ಒಂದೆರಡು ಪ್ರಶ್ನೆಗೆ ಸಿದ್ಧರಾಗಿ, ಬಿ.ಕಾಂ. ಆದವರು ಬ್ಯಾಂಕ್ ರಿಕನ್ಸಿಲಿಯೇಷನ್ ಏಕೆ ಮಾಡುತ್ತಾರೆಂದು ಹೇಳಲಾರದೆ ನಿಂತರೆ ಪೂರ್ತಿ ಪದವಿಯ ಮೇಲೇ ಅನುಮಾನ ಬರುತ್ತದೆ.

ಅಡ್ಡಹೆಸರು ನೋಡಿ ‘ಮರಾಠಿ ಬರುತ್ತದೆಯೇ’ ಎಂದು ಕೇಳಬಹುದು. ಉತ್ತರವನ್ನು ಮರಾಠಿಯಲ್ಲೇ, ಎರಡು ಸರಳ ವಾಕ್ಯದಲ್ಲಿ ಕೊಡಿ. ಕ್ಷಮೆ ಕೇಳುವುದೂ ಬೇಡ, ಕಷ್ಟದ ಪದ ಹಾಕಿ ಮೆರೆಯುವುದೂ ಬೇಡ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂದರೆ ಅದು ಕೊರತೆಯಲ್ಲ.

ಕಡತದ ಕ್ರಮ ಹೀಗಿರಲಿ: ಮೇಲೆ ಕರೆ ಪತ್ರ, ಕೆಳಗೆ ಹತ್ತನೆಯ ತರಗತಿ, ಹನ್ನೆರಡನೆಯದು, ಪದವಿ, ಟೈಪಿಂಗ್, ಎಂಎಸ್‌ಸಿಐಟಿ (ಮಹಾರಾಷ್ಟ್ರದ ಕಂಪ್ಯೂಟರ್ ಕೋರ್ಸಿನ ಪತ್ರ), ಡೊಮಿಸೈಲ್, ಜಾತಿ, ಗುರುತಿನ ಚೀಟಿ. ಮೂಲ ಪ್ರತಿಗಳು ಒಂದು ಫೋಲ್ಡರಿನಲ್ಲಿ, ಸ್ವಯಂ ದೃಢೀಕರಿಸಿದ ಎರಡೆರಡು ಜೆರಾಕ್ಸ್ ಇನ್ನೊಂದರಲ್ಲಿ. ಮಳೆಗಾಲದಲ್ಲಾದರೆ ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿಡಿ. ಚರ್ಚ್‌ಗೇಟಿನಿಂದ ಹೈಕೋರ್ಟಿಗೆ ನಡೆದು ಹೋಗುವ ಹತ್ತು ನಿಮಿಷದಲ್ಲಿ ಜುಲೈಯ ಮಳೆ ಮುದ್ರೆಯ ಶಾಯಿಯನ್ನೆಲ್ಲ ಕರಗಿಸಿಬಿಡುತ್ತದೆ.