ಕಾರಿಗೆ ಹೊಸ ಇಗ್ನಿಷನ್ ಕಾಯಿಲ್ ತಗೊಂಡಿದ್ದು – ನನ್ನ ಅನುಭವ

ಹೋದ ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತುವಾಗ ನಮ್ ಕಾರು ಜರ್ಕ್ ಹೊಡೆಯೋಕೆ ಶುರು ಮಾಡ್ತು, ಆಕ್ಸಿಲರೇಟರ್ ತುಳಿದ್ರೆ ಹಿಂದಿಂದ ಯಾರೋ ಹಿಡ್ಕೊಂಡಂಗೆ, ಚೆಕ್ ಎಂಜಿನ್ ಲೈಟ್ ಬೇರೆ ಮಿಣಕ್ ಮಿಣಕ್ ಅಂತಿತ್ತು. ಆ ಲೈಟ್ ಸುಮ್ನೆ ಉರೀತಿದ್ರೆ ನಿಧಾನಕ್ಕೆ ಮನೆ ಸೇರ್ಕೋಬಹುದು, ಮಿಣುಕ್ತಿದ್ರೆ ಮಾತ್ರ ಎಳೀಬೇಡಿ, ಉರೀದೇ ಇರೋ ಪೆಟ್ರೋಲ್ ಸೀದಾ ಸೈಲೆನ್ಸರ್ ದಾರೀಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನ ಸುಟ್ಟಾಕತ್ತೆ, ಅದರ ಖರ್ಚಿನ ಮುಂದೆ ಕಾಯಿಲ್ (ಪ್ಲಗ್ಗಲ್ಲಿ ಕಿಡಿ ಹಾರೋಕೆ ವೋಲ್ಟೇಜ್ ಕೊಡೋದು, ನಮ್ ಕಾರಲ್ಲಿ ಸಿಲಿಂಡರಿಗೊಂದು) ಏನೂ ಅಲ್ಲ. ಸೈಡಿಗೆ ಹಾಕಿ ತಣ್ಣಗಾಗೋಕೆ ಬಿಟ್ಟು, ಆಮೇಲೆ ಮೆಲ್ಲಗೆ ಸಕಲೇಶಪುರ ಸೇರ್ಕೊಂಡ್ವಿ.

ಮಾರನೇ ದಿನ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಏನೂ ತೊಂದ್ರೆ ಇಲ್ಲ! ಒಬ್ರು ಮೆಕ್ಯಾನಿಕ್ ಫ್ಯೂಯೆಲ್ ಪಂಪ್ ಅಂದ್ರು. ನನ್ನತ್ರ ಬ್ಲೂಟೂತ್ ಸ್ಕ್ಯಾನರ್ ಇತ್ತು, ಹಾಕಿ ನೋಡಿದ್ರೆ ಪಿ0303 ಅನ್ನೋ ಕೋಡ್, ಅಂದ್ರೆ ಮೂರನೇ ಸಿಲಿಂಡರಲ್ಲಿ ಮಿಸ್‌ಫೈರ್, ಪೆಟ್ರೋಲ್ ಸರಿಯಾಗಿ ಉರೀತಿಲ್ಲ. ಅಷ್ಟಕ್ಕೇ ಕಾಯಿಲ್ ಹೋಗಿದೆ ಅಂತಲ್ಲ, ಪ್ಲಗ್ ಇರಬಹುದು, ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಇರಬಹುದು. ಅದಕ್ಕೇ 10ರ ಸ್ಪ್ಯಾನರಲ್ಲಿ ಬೋಲ್ಟ್ ಬಿಚ್ಚಿ ಮೂರನೇದ್ರ ಕಾಯಿಲ್ ಒಂದಕ್ಕೆ, ಒಂದನೇದು ಮೂರಕ್ಕೆ ಹಾಕಿ, ಪ್ಲಗ್ ಮಾತ್ರ ಮುಟ್ಟದೆ, ಎಂಜಿನ್ ಚೆನ್ನಾಗಿ ಬಿಸಿಯಾಗೋ ತನಕ ಓಡಿಸ್ದೆ. ಪಿ0301 ಬಂತು, ಅಂದ್ರೆ ಈಗ ಒಂದನೇ ಸಿಲಿಂಡರ್. ತೊಂದ್ರೆ ಕಾಯಿಲ್ ಜೊತೆಗೇ ಜಾಗ ಬದಲಾಯಿಸ್ತು, ಇನ್ನು ಅನುಮಾನ ಇಲ್ಲ. ಮಲ್ಟಿಮೀಟರಲ್ಲೂ ನೋಡಿದ್ದೆ, ಆ ಕಾಯಿಲೂ ಮಿಕ್ಕ ಮೂರೂ ಒಂದೇ ರೀಡಿಂಗ್, ಯಾಕಂದ್ರೆ ಬಿಸಿಯಾದಾಗಷ್ಟೇ ಕೈಕೊಡೋ ಕಾಯಿಲ್ ತಣ್ಣಗಿದ್ದಾಗ ಮೀಟರಿಗೆ ಸಿಗಲ್ಲ.

ಹಳೇ ಕಾಯಿಲ್ ಹಿಡ್ಕೊಂಡು ಬೆಂಗಳೂರಿನ ಜೆಸಿ ರೋಡಿಗೆ ಹೋದೆ. ಒಂದಂಗಡಿಯಲ್ಲಿ "ಜ್ಯಾಕ್ (ವೈರ್ ಸಿಗಿಸೋ ಕನೆಕ್ಟರ್) ಕೂತ್ರೆ ಆಯ್ತು ಸಾರ್" ಅಂತ 650 ರೂಪಾಯಿದು ಕೊಟ್ರು, ತಗೊಂಡೆ, ಮೂರೇ ವಾರಕ್ಕೆ ಅದೇ ಜರ್ಕ್ ವಾಪಸ್. ಜ್ಯಾಕ್ ಕೂರೋದು ಮುಖ್ಯ ಅಲ್ಲ ರೀ. ಎರಡು ಪಿನ್ನಿನ ಕಾಯಿಲಿಗೆ ಕರೆಂಟ್ ಬಿಟ್ಟು ಕಡಿಯೋ ಟ್ರಾನ್ಸಿಸ್ಟರ್ ಸಾಮಾನ್ಯವಾಗಿ ಇಸಿಯು, ಅಂದ್ರೆ ಎಂಜಿನ್ ಕಂಪ್ಯೂಟರ್ ಒಳಗಿರತ್ತೆ, ಮೂರು ನಾಲ್ಕು ಪಿನ್ನಿದ್ರಲ್ಲಿ ಹೆಚ್ಚಾಗಿ ಕಾಯಿಲ್ ಒಳಗೇ ಇರತ್ತೆ. ಪಿನ್ ಲೆಕ್ಕ ಸರಿ ಇದ್ರೂ ಒಳಗಿನ ಸುತ್ತು ಬೇರೆ ಇದ್ರೆ ಕಿಡಿ ವೀಕ್ ಆಗತ್ತೆ, ಇಲ್ಲಾ ಕಾಯಿಲ್ ಸುಟ್ಟೋಗತ್ತೆ. ಎರಡನೇ ಸಲ ಮೊದಲು ಚಾಸಿ ನಂಬರ್ ಕೊಟ್ಟು ಡೀಲರ್ ಹತ್ರ ಪಾರ್ಟ್ ನಂಬರ್ ತೆಗೆಸ್ಕೊಂಡೆ. ಹಳೇದ್ರ ಮೇಲಿದ್ದ ನಂಬರಿಗೂ ಇದಕ್ಕೂ ಕೊನೇ ಅಕ್ಷರ ಬೇರೆ ಇತ್ತು, ಹಳೇ ನಂಬರ್ ನಿಲ್ಸಿ ಅದರ ಬದಲಿಗೆ ಇದನ್ನ ಕೊಡ್ತಿದಾರೆ ಅಂತ ಕೇಳಿ ಖಾತ್ರಿ ಮಾಡ್ಕೊಂಡೇ 2,400 ಕೊಟ್ಟೆ, ಬಿಲ್ ಸಮೇತ. ಡೆನ್ಸೊ, ಬಾಷ್ ಥರದ್ದು ತಗೊಂಡ್ರೂ ಆಗತ್ತೆ, ಅವರ ಕ್ಯಾಟಲಾಗಲ್ಲಿ ನಿಮ್ಮ ಎಂಜಿನ್ ಹೆಸರೇ ಇರಬೇಕು ಅಷ್ಟೆ.

ಆದ್ರೆ ಹಾಕೋ ಮುಂಚೆ ಹಳೇದು ಯಾಕೆ ಸತ್ತಿತು ಅಂತ ನೋಡ್ಲೇಬೇಕು. ನನ್ನ ಪ್ಲಗ್ ಗ್ಯಾಪ್, ಅಂದ್ರೆ ಕಿಡಿ ಹಾರೋ ಸಂದು, 1.1 ಮಿಮೀ ಇರಬೇಕಾದ್ದು ಸವೆದು 1.5 ಆಗಿತ್ತು, ಗ್ಯಾಪ್ ಹೆಚ್ಚಾದಷ್ಟೂ ಕಾಯಿಲ್ ಜಾಸ್ತಿ ವೋಲ್ಟೇಜ್ ತಳ್ಳಬೇಕು, ಅದು ದಾರಿ ಸಿಗದೆ ಪ್ಲಗ್ ಮೇಲೆ ಕೂರೋ ಕಾಯಿಲಿನ ರಬ್ಬರ್ ಬೂಟಿನ ಪಕ್ಕದಿಂದ ನುಗ್ಗಿ ಪ್ಲಗ್ಗಿನ ಪಿಂಗಾಣಿ ಮೇಲೆ ಕೂದಲೆಳೆಯಷ್ಟು ಕರೀ ಗೆರೆ ಬಿಟ್ಟಿತ್ತು. ಮೂರನೇ ಪ್ಲಗ್ ಗುಂಡೀಲಿ ಎಣ್ಣೆ ಬೇರೆ, ಎಂಜಿನ್ ಮೇಲಿನ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಲೀಕ್. ನಾಲ್ಕೂ ಪ್ಲಗ್, ಗ್ಯಾಸ್ಕೆಟ್ ಬದಲಾಯಿಸ್ದೆ, ಕಾಯಿಲ್ ಮಾತ್ರ ಒಂದೇ. ನಾಲ್ಕೂ ಹಾಕ್ಸಿ ಅನ್ನೋರಿದಾರೆ, ನಾನು ಒಪ್ಪಲ್ಲ, ಆ ದುಡ್ಡಲ್ಲಿ ಒಂದು ಒರಿಜಿನಲ್ ಸ್ಪೇರ್ ತಗೊಂಡು ಆ 10ರ ಸ್ಪ್ಯಾನರ್ ಜೊತೆ ಡಿಕ್ಕೀಲಿ ಇಟ್ಟಿದೀನಿ.