ಪೇಚಿಗೆ ನಗೆ, ನಷ್ಟಕ್ಕೆ ಅರ್ಥ: ಕಂಡುಕೊಳ್ಳುವ ಬಗೆ

ತನಗೊದಗಿದ್ದನ್ನು ನೆನೆದು ನಗಲು ಬಯಸುವವರು ಮೊದಲು ಅದು ಪೇಚೋ ನಷ್ಟವೋ ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು. ಮೇಲಧಿಕಾರಿಯ ಮೇಲಿನ ದೂರನ್ನು ಅದೇ ಮೇಲಧಿಕಾರಿಯ ಮೊಬೈಲಿಗೆ ಕಳುಹಿಸುವುದು, ಗುರುತೇ ಇಲ್ಲದವರ ಮದುವೆಗೆ ಹೋಗಿ ಉಡುಗೊರೆ ಕೊಟ್ಟು ಬರುವುದು ಪೇಚಿನ ಪ್ರಸಂಗಗಳು. ಆಪ್ತರ ಸಾವು, ಕೈತಪ್ಪಿದ ಉದ್ಯೋಗ, ಮುರಿದ ಸಂಬಂಧ ನಷ್ಟಗಳು. ಎರಡಕ್ಕೂ ಒಂದೇ ಉಪದೇಶ ಹೇಳುವವರು ಹೆಚ್ಚಾಗಿರುವುದರಿಂದ ‘ನಕ್ಕುಬಿಡಿ, ಎಲ್ಲ ಹಗುರಾಗುತ್ತದೆ’ ಎಂಬ ಮಾತು ಎಷ್ಟೋ ಸಲ ಗಾಯಕ್ಕೆ ಉಪ್ಪು ಸವರಿದಂತಾಗುತ್ತದೆ.

ಈ ಎರಡಕ್ಕೆ ನಗೆ ಒದಗುವ ಕಾಲವೇ ಬೇರೆ. ಪೀಟರ್ ಮೆಕ್‌ಗ್ರಾ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ದುರಂತಗಳು ದೂರ ಸರಿದ ಮೇಲೆ ನಗೆಗೆ ಎಡೆಕೊಟ್ಟರೆ, ಸಣ್ಣ ಅವಘಡಗಳು ಹತ್ತಿರದಲ್ಲಿದ್ದಾಗಲೇ ಹೆಚ್ಚು ನಗಿಸುತ್ತಿದ್ದವು. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಸ್ಯಾಂಡಿ ಚಂಡಮಾರುತ ಅಪ್ಪಳಿಸಿದಾಗ ಅದರ ಕುರಿತ ಹಾಸ್ಯೋಕ್ತಿಗಳು ಮೊದಲ ವಾರಗಳಲ್ಲಿ ಜನರಿಗೆ ರುಚಿಸದೆ, ಸುಮಾರು ಐದು ವಾರಗಳ ಹೊತ್ತಿಗೆ ರುಚಿಸಿ, ಮೂರು ತಿಂಗಳಾದ ಮೇಲೆ ಮತ್ತೆ ಸಪ್ಪೆಯಾದವೆಂದೂ ಅವರು ಕಂಡುಕೊಂಡರು. ಐದು ವಾರ ಎಂಬುದು ಎಲ್ಲರಿಗೂ ಅನ್ವಯಿಸುವ ಲೆಕ್ಕವಲ್ಲ. ಆದರೆ ಪೇಚನ್ನು ಬೇಗ ಹೇಳಿಕೊಳ್ಳಬೇಕು, ನಷ್ಟದ ವಿಷಯದಲ್ಲಿ ಅವಸರಿಸಬಾರದು ಎಂಬಷ್ಟನ್ನು ಇದರಿಂದ ಧಾರಾಳವಾಗಿ ತೆಗೆದುಕೊಳ್ಳಬಹುದು.

ಪೇಚನ್ನು ಅಂದೇ ಬರೆದಿಟ್ಟುಕೊಳ್ಳಿ. ಯಾರು ಏನು ಹೇಳಿದರು, ನೀವು ಏನೆಂದು ಉತ್ತರಿಸಿದಿರಿ ಎಂಬ ಸಣ್ಣ ವಿವರಗಳಲ್ಲೇ ನಗೆ ಅಡಗಿರುತ್ತದೆ. ಅವು ಬೇಗ ಮರೆತುಹೋಗುತ್ತವೆ. ಹೇಳುವಾಗ ಎಡವಿದ ಗಳಿಗೆಯಿಂದ ಆರಂಭಿಸದೆ, ಅದಕ್ಕೂ ಮುನ್ನ ನಿಮಗಿದ್ದ ಅಖಂಡ ಆತ್ಮವಿಶ್ವಾಸದಿಂದ ಆರಂಭಿಸಿ. ಆ ಮದುವೆಯಲ್ಲಿ ವರನ ಕೈಕುಲುಕಿ ‘ನೀನು ಚಿಕ್ಕವನಿದ್ದಾಗ ಎತ್ತಿ ಆಡಿಸಿದ್ದೆ’ ಎಂದು ಗಟ್ಟಿಯಾಗಿ ಹೇಳಿದ್ದು ಮೊದಲು ಬಂದರೆ, ವಧುವರರ ಹೆಸರು ಬರೆದ ಫಲಕ ಕಣ್ಣಿಗೆ ಬಿದ್ದದ್ದನ್ನು ಒಂದೇ ವಾಕ್ಯದಲ್ಲಿ ಮುಗಿಸಬಹುದು. ಹಾಗೇಕೆ ಆಯಿತೆಂಬ ಸಮಜಾಯಿಷಿಯನ್ನು ಪೂರ್ತಿ ಕೈಬಿಡಿ. ಸಮಜಾಯಿಷಿ ಶುರುವಾದೊಡನೆ ಕೇಳುವವರು ನಗುವುದನ್ನು ಬಿಟ್ಟು ಸಮಾಧಾನ ಹೇಳಲು ತೊಡಗುತ್ತಾರೆ.

ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವುದಕ್ಕೂ ಒಂದು ಮಿತಿಯಿದೆ. ಹಾಸ್ಯದ ಶೈಲಿಗಳನ್ನು ಅಳೆಯಲು ರಾಡ್ ಮಾರ್ಟಿನ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ರೂಪಿಸಿದ ಪ್ರಶ್ನಾವಳಿ, ಕಷ್ಟದಲ್ಲಿ ಮನಸ್ಸನ್ನು ಎತ್ತಿಹಿಡಿಯುವ ಹಾಸ್ಯವನ್ನೂ ಇತರರನ್ನು ಮೆಚ್ಚಿಸಲು ತನ್ನನ್ನೇ ಹೀನೈಸಿಕೊಳ್ಳುವ ಹಾಸ್ಯವನ್ನೂ ಪ್ರತ್ಯೇಕವಾಗಿ ಗುರುತಿಸುತ್ತದೆ. ‘ನಾನು ಮಾಡಿದ್ದನ್ನು ಕೇಳಿ’ ಎಂದು ಆರಂಭವಾದ ಕಥೆ ‘ನನ್ನಂಥ ದಡ್ಡ ಇನ್ನೊಬ್ಬನಿಲ್ಲ’ ಎಂದು ಮುಗಿಯುತ್ತಿದ್ದರೆ ಎರಡನೆಯ ಬಗೆಗೆ ಜಾರಿದ್ದೀರಿ. ನಗೆ ಕೃತ್ಯದ ಮೇಲಿರಲಿ.

ನಷ್ಟದಲ್ಲಿ ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ತಾನಾಗಿ ಬಂದಾಗ ತಡೆಯದಿದ್ದರೆ ಸಾಕು. ಸಂಗಾತಿಯನ್ನು ಕಳೆದುಕೊಂಡು ಕೆಲವೇ ತಿಂಗಳಾಗಿದ್ದವರನ್ನು ಡ್ಯಾಚರ್ ಕೆಲ್ಟ್‌ನರ್ ಮತ್ತು ಜಾರ್ಜ್ ಬೊನಾನೊ ಮಾತನಾಡಿಸಿದಾಗ, ಅಗಲಿದವರ ಬಗ್ಗೆ ಹೇಳುತ್ತ ಹೇಳುತ್ತ ಮನಸಾರೆ ನಕ್ಕವರಲ್ಲಿ ಸಂಕಟ ಕಡಿಮೆಯಿದ್ದುದು ಕಂಡುಬಂತು. 1997ರಲ್ಲಿ ಅವರು ಅದನ್ನು ಪ್ರಕಟಿಸಿದರು. ಹೋದವರ ಹಠ, ಗೊರಕೆ, ಕನ್ನಡಕ ತಲೆಯ ಮೇಲಿದ್ದರೂ ಮನೆಯೆಲ್ಲ ಹುಡುಕುತ್ತಿದ್ದ ಅಭ್ಯಾಸ ಇವನ್ನು ನೆನೆದು ನಕ್ಕರೆ ಅಗೌರವವೇನೂ ಇಲ್ಲ. ಅಂಥ ನಗೆಯ ಮೊದಲ ಹಕ್ಕು ಮಾತ್ರ ದುಃಖದಲ್ಲಿರುವವರದು. ಭೇಟಿಗೆ ಬಂದವರು ಅವರು ನಕ್ಕ ಮೇಲಷ್ಟೇ ಜೊತೆಗೂಡಬೇಕು.

ಇನ್ನೂ ನಡೆಯುತ್ತಿರುವ ಸಂಕಟದ ನಡುವೆ ಹಾಸ್ಯವನ್ನು ಮುಂದಿನ ದಿನಗಳಲ್ಲಿ ಇಟ್ಟು ನೋಡಬಹುದು. ನಾತ್ಸಿ ಶಿಬಿರದಲ್ಲಿದ್ದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ತನ್ನ ಗೆಳೆಯನೊಂದಿಗೆ, ಬಿಡುಗಡೆಯ ಬಳಿಕ ನಡೆಯಬಹುದಾದ ಒಂದು ತಮಾಷೆಯ ಪ್ರಸಂಗವನ್ನು ದಿನಕ್ಕೊಂದರಂತೆ ಕಲ್ಪಿಸಿ ಹೇಳಬೇಕೆಂಬ ಒಪ್ಪಂದ ಮಾಡಿಕೊಂಡಿದ್ದರು. ಮುಂದೊಮ್ಮೆ ಔತಣಕ್ಕೆ ಹೋದಾಗ ಹಳೆಯ ರೂಢಿಯಿಂದ ಮನೆಯೊಡತಿಯನ್ನು ‘ಸೂಪನ್ನು ತಳದಿಂದ ಬಡಿಸಿ’ ಎಂದು ಬೇಡಿಕೊಂಡಾರು ಎಂಬಂಥ ಕಲ್ಪನೆಗಳು ಅಲ್ಲಿ ಹುಟ್ಟಿದವು. ಶಿಬಿರದಲ್ಲಿ ತಳದ ಸೂಪಿಗೆ ಅಷ್ಟು ಬೆಲೆಯಿದ್ದುದು ಅದರಲ್ಲಿ ಬಟಾಣಿ ಸಿಗುತ್ತಿದ್ದುದರಿಂದ.

ಅರ್ಥ ನಿಧಾನದ ಕೆಲಸ, ಅದಕ್ಕೆ ಬರವಣಿಗೆ ನೆರವಾಗುತ್ತದೆ. ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಸಾಂಡ್ರಾ ಬೀಲ್ ಜೊತೆ ಪ್ರಕಟಿಸಿದ ಪ್ರಯೋಗದ ಕ್ರಮ ಸರಳವಾದುದು: ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸನ್ನು ಕಲಕಿದ ಘಟನೆಯನ್ನೂ ಅದರ ಬಗೆಗಿನ ಭಾವನೆಯನ್ನೂ ಯಾರಿಗೂ ತೋರಿಸುವ ಹಂಗಿಲ್ಲದೆ ಬರೆಯುವುದು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಗುವುದು ಸಾಮಾನ್ಯ. ಆದರೂ ಸಹಿಸಲಾಗದಷ್ಟಾದರೆ ನಿಲ್ಲಿಸಿಬಿಡಿ. ‘ಇದು ನನಗೇ ಏಕಾಯಿತು’ ಎಂಬಲ್ಲಿ ಲೇಖನಿ ಗಿರಕಿ ಹೊಡೆಯುತ್ತಿದ್ದರೆ ‘ಇದಾದ ಮೇಲೆ ನಾನು ಯಾವುದನ್ನು ಬೇರೆ ರೀತಿ ನೋಡುತ್ತಿದ್ದೇನೆ’ ಎಂದು ಕೇಳಿಕೊಳ್ಳಿ. ಉತ್ತರ ಬಾರದಿದ್ದರೆ ಪುಟ ಖಾಲಿಯಿರಲಿ. ಕೆಲವು ನಷ್ಟಗಳಿಗೆ ಅರ್ಥವೇ ಇರುವುದಿಲ್ಲ, ‘ಎಲ್ಲ ಆಗುವುದು ಒಳ್ಳೆಯದಕ್ಕೇ’ ಎನ್ನುವವರು ಆ ಒಳ್ಳೆಯದನ್ನು ತೋರಿಸುವುದೂ ಇಲ್ಲ.

ಆಪ್ತರು ತೀರಿಕೊಂಡು ಆರು ತಿಂಗಳು ದಾಟಿದರೂ ದಿನನಿತ್ಯದ ಬದುಕು ನಡೆಯದಷ್ಟು ತೀವ್ರ ದುಃಖ ಬಿಡದೆ ಕಾಡುತ್ತಿದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ ಅದನ್ನು ದೀರ್ಘಕಾಲದ ಶೋಕದ ತೊಂದರೆಯೆಂದು ಪರಿಗಣಿಸಲು ಅವಕಾಶ ನೀಡುತ್ತದೆ. ಆ ಹಂತದಲ್ಲಿ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ಬದುಕೇ ಬೇಡವೆಂಬ ಯೋಚನೆ ಸುಳಿದರಂತೂ ಆರು ತಿಂಗಳ ಲೆಕ್ಕ ಹಿಡಿಯದೆ ಅಂದೇ ಹೋಗಬೇಕು.